ಆಸ್ಪತ್ರೆ ಫೈರ್ ಸೇಫ್ಟಿ ಡಿಸೈನ್ ಟೆಂಡರ್: ಇಬ್ಬರೇ ಇರುವ ಆಫೀಸು ಹಾಕಬಹುದಾ?

ಘಟ್ಟದಂಚು:

ನಮಸ್ಕಾರ. ಶಿರಸಿಯಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ನಾನು, ಡ್ರಾಯಿಂಗ್ ಮಾಡುವ ಒಬ್ಬಳು ಹುಡುಗಿ, ಮಳೆಗಾಲ ಬಂದರೆ ಕಾಗದ ಕಚ್ಚಿಕೊಳ್ಳುವ ಒಂದು ಪ್ಲಾಟರ್. ಇಷ್ಟೇ. ಮನೆ, ಕಲ್ಯಾಣ ಮಂಟಪ, ಅಡಿಕೆ ಗೋದಾಮು ಅಂತ ವೈರಿಂಗ್ ಮತ್ತು ನೀರಿನ ಪೈಪಿನ ನಕ್ಷೆ ಮಾಡುತ್ತ ಹನ್ನೆರಡು ವರ್ಷ ಕಳೆಯಿತು.

ಮೊನ್ನೆ ರಾಜ್ಯ ಸರ್ಕಾರದ ಟೆಂಡರ್ ಬರುವ ಕೆಪಿಪಿಪಿ ಪೋರ್ಟಲ್‌ನಲ್ಲಿ ಒಂದು ಟೆಂಡರ್ ಕಣ್ಣಿಗೆ ಬಿತ್ತು. ಘಟ್ಟದ ಕೆಳಗಿನ ಒಂದು ಸರ್ಕಾರಿ ಆಸ್ಪತ್ರೆ, ಹೆಸರು ಬೇಡ. ಈಗಿರುವ ಬೆಂಕಿ ಸುರಕ್ಷತೆ ವ್ಯವಸ್ಥೆ ಪರಿಶೀಲಿಸಬೇಕು, ಹೊಸದಾಗಿ ಡಿಸೈನ್ ಮಾಡಬೇಕು, ಎಸ್ಟಿಮೇಟ್ ಮತ್ತು ಗುತ್ತಿಗೆದಾರರ ಟೆಂಡರ್ ದಾಖಲೆ ತಯಾರಿಸಿ ಕೊಡಬೇಕು. ಪೈಪ್ ಎಳೆಯುವುದು, ಪಂಪ್ ಕೂರಿಸುವುದು ಆಮೇಲಿನ ಬೇರೆ ಟೆಂಡರ್. ತಾಂತ್ರಿಕ ಅಂಕಕ್ಕೆ 70, ದರಕ್ಕೆ 30.

ಅರ್ಹತೆ ಓದಿ ಗಂಟಲು ಒಣಗಿತು. ಕಳೆದ 7 ವರ್ಷದಲ್ಲಿ ಇಂಥದೇ ಕೆಲಸ ಮಾಡಿರಬೇಕಂತೆ. ಈ ಕೆಲಸದ ಅಂದಾಜು ಮೊತ್ತದ 80%ರದ್ದು ಒಂದು, ಇಲ್ಲವೇ 50%ರ ಎರಡು, ಇಲ್ಲವೇ 40%ರ ಮೂರು. ನನ್ನ ಹತ್ತಿರ ಒಂದೂ ಇಲ್ಲ. ಆದರೆ ಆ ಕಟ್ಟಡ ಗೊತ್ತು. ಹೋದ ವರ್ಷ ಅಮ್ಮ ಅಲ್ಲಿ ಹನ್ನೊಂದು ದಿನ ಇದ್ದಳು. ರಾತ್ರಿ ನಿದ್ದೆ ಬರದೆ ಕಾರಿಡಾರ್ ಪೂರ್ತಿ ಓಡಾಡಿದ್ದೇನೆ. ಹಿಂದಿನ ಮೆಟ್ಟಿಲ ಬಾಗಿಲಿಗೆ ಬೀಗ. ಹೋಸ್ ಬಾಕ್ಸ್ ಒಳಗೆ ಪೊರಕೆ ಮತ್ತು ಫಿನಾಯಿಲ್ ಕ್ಯಾನ್. ಅಲಾರಂ ಪ್ಯಾನಲ್ ಮೇಲೆ ಕ್ಯಾಲೆಂಡರ್ ನೇತು ಹಾಕಿದ್ದರು.

ಹಾಕಲಾ, ಬಿಡಲಾ?

ಗುತ್ತಿಗೆಕಟ್ಟೆ:

ಸುಮ್ನೆ ಯಾಕೆ ಮಾರಾಯ್ರೇ. ಯಾರಿಗೆ ಕೊಡಬೇಕು ಅಂತ ಬರೆದಿಟ್ಟೇ ಟೆಂಡರ್ ಕರೆದಿರ್ತಾರೆ.

ನಿವೃತ್ತಸೈಟ್:

ಹಾಗೆ ನಡೆಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಇಪ್ಪತ್ತೆಂಟು ವರ್ಷ ಆ ಕವರ್‌ಗಳನ್ನು ತೆರೆದವನು ನಾನು. ಸಹಿ ಮಾಡದ ಒಂದು ಅನುಬಂಧ, ಅವಧಿ ಮುಗಿದ ಡಿಜಿಟಲ್ ಸಹಿ, ಕೆಲಸದ ಮೊತ್ತವನ್ನೇ ಬರೆಯದ ಅನುಭವ ಪತ್ರ. ಇವುಗಳಿಂದ ಬಿದ್ದವರೇ ಬಹಳ. ಬಿದ್ದ ಮೇಲೆ ಎಲ್ಲರೂ "ಮೊದಲೇ ಫಿಕ್ಸ್ ಆಗಿತ್ತು" ಅಂತಲೇ ಹೇಳುತ್ತಾರೆ.

ನಮ್ಮ ರಾಜ್ಯದಲ್ಲಿ ಇದಕ್ಕೆ 1999ರ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆ ಮಾಡಿದ್ದು) ಇದೆ, 2000ದ ನಿಯಮಗಳಿವೆ. ಎರಡು ಕವರ್ ಪದ್ಧತಿಯಲ್ಲಿ ಮೊದಲು ತಾಂತ್ರಿಕ ಕವರ್ ತೆರೆಯುತ್ತಾರೆ. ಅದರಲ್ಲಿ ಪಾಸಾದವರ ದರದ ಕವರ್ ಮಾತ್ರ ಆಮೇಲೆ ತೆರೆಯುವುದು. ಅನ್ಯಾಯ ಆಯಿತು ಅನ್ನಿಸಿದರೆ ಕಲಂ 16ರ ಅಡಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಕಟ್ಟೆ ಮೇಲೆ ಕೂತು ಬೈಯುವವರು ಆ 30 ದಿನವನ್ನು ಬೈಯುವುದರಲ್ಲೇ ಕಳೆಯುತ್ತಾರೆ.

ತಮಾ, ಒಂದು ಮಾತು. ಸಣ್ಣ ಉದ್ದಿಮೆಯ ಉದ್ಯಮ್ ಪ್ರಮಾಣಪತ್ರ ಇದೆ, ಇಎಂಡಿ (ಟೆಂಡರ್ ಜೊತೆ ಇಡುವ ಠೇವಣಿ) ಕಟ್ಟುವುದು ಬೇಡ ಅಂತ ನಂಬಿ ಕೂರಬೇಡ. ಸಣ್ಣ ಉದ್ದಿಮೆಗಳಿಗಾಗಿ 2012ರಲ್ಲಿ ಬಂದ ಖರೀದಿ ನೀತಿ ಕೇಂದ್ರದ ಇಲಾಖೆಗಳಿಗೆ, ಕೇಂದ್ರದ ಉದ್ದಿಮೆಗಳಿಗೆ. ರಾಜ್ಯದ ಟೆಂಡರಿನಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ. ಇನ್ನು ಅನುಭವ ಇಲ್ಲ ಅಂದೆಯಲ್ಲ, ಜಂಟಿಯಾಗಿ ಹಾಕಲು ಅವಕಾಶ ಕೊಟ್ಟಿದ್ದಾರಾ ನೋಡು.

ಘಟ್ಟದಂಚು:

ಕೊಟ್ಟಿದ್ದಾರೆ ಸರ್. ಇಬ್ಬರವರೆಗೆ.

ಹುಬ್ಬಳ್ಳಿ_ಡ್ರಾಯಿಂಗ್:

ಹಾಗಾದ್ರೆ ಮುಂದೆ ಕೇಳಿ. ನಾವು ಇಂಥ ನಾಲ್ಕು ಟೆಂಡರ್ ಹಾಕಿದ್ದೇವೆ. ಎರಡು ಸೋತೆವು. 70:30 ಅಂದ ಕೂಡಲೇ "ಗುಣಮಟ್ಟಕ್ಕೆ ಬೆಲೆ ಇದೆ" ಅಂತ ಖುಷಿ ಪಡಬೇಡಿ. ಲೆಕ್ಕ ಹಾಕಿ ನೋಡಿ.

ನಿಮ್ಮ ತಾಂತ್ರಿಕ ಅಂಕ 82, ದರ 9 ಲಕ್ಷ ಅಂತ ಇಟ್ಟುಕೊಳ್ಳಿ. ಇನ್ನೊಬ್ಬರದು 71, ದರ 6 ಲಕ್ಷ. 82ರ 70% ಅಂದರೆ 57.4. ದರದ ಅಂಕ ಅಂದರೆ ಅತಿ ಕಡಿಮೆ ದರವನ್ನು ನಿಮ್ಮ ದರದಿಂದ ಭಾಗಿಸಿ ನೂರರಿಂದ ಗುಣಿಸುವುದು. 6ನ್ನು 9ರಿಂದ ಭಾಗಿಸಿದರೆ 66.67 ಬರುತ್ತದೆ, ಅದರ 30% ಅಂದರೆ 20. ನಿಮ್ಮ ಒಟ್ಟು 77.4. ಅವರದು 49.7ಕ್ಕೆ 30 ಕೂಡಿಸಿ 79.7. ಹನ್ನೊಂದು ಅಂಕ ಮುಂದಿದ್ದೂ ನೀವು ಸೋತಿರಿ. ಇದೇ ಲೆಕ್ಕವನ್ನು 80:20ರಲ್ಲಿ ಮಾಡಿದರೆ ನಿಮ್ಮದು 78.9, ಅವರದು 76.8. ಗೆಲುವು ನಿಮ್ಮದು. ಆಟ ಶುರುವಾಗುವ ಮುಂಚೆಯೇ ಈ ಅನುಪಾತ ಅರ್ಧ ಆಟ ಆಡಿ ಮುಗಿಸಿರುತ್ತದೆ.

ಆರು ಲಕ್ಷಕ್ಕೆ ಹಾಕುವವರು ಹೇಗೆ ಹಾಕುತ್ತಾರೆ ಅಂದ್ರೆ, ಹೋದ ಆಸ್ಪತ್ರೆಯ ಡ್ರಾಯಿಂಗ್ ತೆಗೆದು ಹೆಸರು ಬದಲಿಸುತ್ತಾರೆ. ಸೈಟಿಗೆ ಒಂದೇ ಸಲ ಹೋಗುತ್ತಾರೆ, ಅದೂ ಮಧ್ಯಾಹ್ನ.

ಹಳೇಫೈರ್‌ಮನ್:

ಮಧ್ಯಾಹ್ನ ಹೋದವರಿಗೆ ಆಸ್ಪತ್ರೆ ಕಾಣಿಸುವುದಿಲ್ಲ. ನಾನು ಅಗ್ನಿಶಾಮಕದಲ್ಲಿ ಇದ್ದವನು, ನಿವೃತ್ತಿಯಾಗಿ ಈಗ ಕುಮಟಾ ಕಡೆ ತೋಟ.

ಆಸ್ಪತ್ರೆಯಲ್ಲಿ ಜನ ಸಾಯುವುದು ಬೆಂಕಿಗಿಂತ ಹೊಗೆಯಿಂದ. ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆ, 2011ರ ಡಿಸೆಂಬರ್ 9. ಬೆಂಕಿ ಹತ್ತಿದ್ದು ನೆಲಮಾಳಿಗೆಯಲ್ಲಿ. ಪಾರ್ಕಿಂಗ್‌ಗೆ ಅಂತ ಇದ್ದ ಜಾಗದಲ್ಲಿ ಸಾಮಾನು ತುಂಬಿದ್ದರು. ಹೊಗೆ ಎಸಿ ಡಕ್ಟ್ ಮತ್ತು ಶಾಫ್ಟ್ ಹಿಡಿದು ಮೇಲಿನ ಮಹಡಿಗಳಿಗೆ ಹೋಯಿತು. ಸುಮಾರು 90 ಜನ ಸತ್ತರು. ಹೆಚ್ಚಿನವರಿಗೆ ಒಂದು ಸುಟ್ಟ ಗಾಯವೂ ಇರಲಿಲ್ಲ, ಉಸಿರು ಕಟ್ಟಿತ್ತು. ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯಲ್ಲಿ 2021ರ ಜನವರಿ 9ರಂದು ಶಿಶುಗಳ ಘಟಕದಲ್ಲಿ 10 ಕೂಸುಗಳು. ಝಾನ್ಸಿಯಲ್ಲಿ 2024ರ ನವೆಂಬರ್ 15ರಂದು ಮತ್ತೆ 10 ಕೂಸುಗಳು, ಅದೇ ರಾತ್ರಿ. ಮೂರೂ ಕತ್ತಲ ಹೊತ್ತಿನಲ್ಲಿ ಆದದ್ದು ನೋಡಿ.

ಹಾಗಾಗಿ ಡಿಸೈನ್ ಅಂದರೆ ಮೊದಲು ಹೊಗೆಯ ದಾರಿ ಹುಡುಕಿ. 2021ರಲ್ಲಿ ಅವಸರದಲ್ಲಿ ಆಕ್ಸಿಜನ್ ಪೈಪ್ ಎಳೆದರಲ್ಲ, ಆಗ ಗೋಡೆ ಮತ್ತು ಸ್ಲಾಬ್ ಕೊರೆದ ತೂತುಗಳು ಎಷ್ಟೋ ಕಡೆ ಈಗಲೂ ಹಾಗೇ ಇವೆ. ಫಾಲ್ಸ್ ಸೀಲಿಂಗ್ ಎತ್ತಿ ನೋಡಿದರೆ ಪಕ್ಕದ ವಾರ್ಡಿನ ಟ್ಯೂಬ್‌ಲೈಟ್ ಬೆಳಕು ಕಾಣುತ್ತದೆ. ಬೆಳಕು ಬರುವಲ್ಲಿ ಹೊಗೆ ಬರದೇ ಇರುತ್ತದಾ? ಆ ತೂತು ಮುಚ್ಚುವ ಖರ್ಚು ಒಂದು ಪಂಪಿನ ಮುಂದೆ ಏನೂ ಅಲ್ಲ. ಆದರೂ ಯಾವ ಡಿಸೈನರ್ ಕೂಡ ಎಣಿಸುವುದಿಲ್ಲ.

ಹುಬ್ಬಳ್ಳಿ_ಡ್ರಾಯಿಂಗ್:

ಯಾಕೆ ಎಣಿಸುವುದಿಲ್ಲ ಅಂತ ನಾನು ಹೇಳುತ್ತೇನೆ. ಎಷ್ಟೋ ಟೆಂಡರಿನಲ್ಲಿ ನಮ್ಮ ಫೀಸು ಎಸ್ಟಿಮೇಟಿನ ಶೇಕಡಾ ಲೆಕ್ಕ. ಪಂಪ್ ದೊಡ್ಡದಾದಷ್ಟೂ ಫೀಸು ದೊಡ್ಡದು. ತೂತು ಮುಚ್ಚಿದರೆ ನಮಗೇನು ಸಿಗುತ್ತದೆ? ಬೀಗ ತೆಗೆಸಿದರೆ ಸೊನ್ನೆ. ಹೇಳಲು ನಾಚಿಕೆ, ಆದರೆ ಇದೇ ನಿಜ.

ನೈಟ್_ಸಿಸ್ಟರ್:

ನಾನು ಸ್ಟಾಫ್ ನರ್ಸ್. ಯಾವ ಊರು ಅಂತ ಕೇಳಬೇಡಿ. ಆ ಬೀಗದ ವಿಷಯ ನಾನೇ ಹೇಳುತ್ತೇನೆ.

ರಾತ್ರಿ ಮೂವತ್ತು ಹಾಸಿಗೆಗೆ ನಾನೊಬ್ಬಳು, ಒಬ್ಬಳು ಆಯಾ. ಹಿಂದಿನ ಬಾಗಿಲು ತೆರೆದಿದ್ದರೆ ನಾಯಿ ಬರುತ್ತವೆ, ಕುಡಿದವರು ಬರುತ್ತಾರೆ. ಪಕ್ಕದಲ್ಲೇ ಬಾಣಂತಿಯರ ವಾರ್ಡ್. ಒಂದು ಕೂಸು ಕಾಣೆಯಾದರೆ ಯಾರು ಹೊಣೆ? ಅದಕ್ಕೇ ಬೀಗ. ಕೀ ವಾಚ್‌ಮನ್ ಹತ್ತಿರ. ವಾಚ್‌ಮನ್ ಗೇಟ್ ಹತ್ತಿರ. ಇದು ತಪ್ಪು ಅಂತ ನಮಗೂ ಗೊತ್ತು. ಬಂದವರೆಲ್ಲ ತಪ್ಪು ಅಂತ ಬರೆದು ಹೋಗುತ್ತಾರೆ, ಬೀಗದ ಬದಲು ಏನು ಅಂತ ಬರೆಯುವುದಿಲ್ಲ.

ಇನ್ನೊಂದು. ರೋಗಿಯ ಜೊತೆ ಇದ್ದವರು ಗಂಜಿ ಬಿಸಿ ಮಾಡಲು, ನೀರು ಕಾಯಿಸಲು ಕಾಯಿಲ್ ತರುತ್ತಾರೆ. ಒಂದು ಪ್ಲಗ್ಗಿಗೆ ನಾಲ್ಕು ಮೊಬೈಲ್, ಒಂದು ಕೆಟಲ್. ಬೈದರೆ ಬೇಜಾರು. ಬಿಸಿನೀರು ಸಿಗುವ ಜಾಗ ಒಂದು ಇದ್ದಿದ್ದರೆ ಯಾಕೆ ತರುತ್ತಿದ್ದರು? ಅದೂ ಬೆಂಕಿಯ ಡಿಸೈನೇ ಅಲ್ವಾ?

ಮತ್ತೆ ಹಾಸಿಗೆ ತಳ್ಳಿ ನೋಡಿ ದಯವಿಟ್ಟು. ನಮ್ಮ ಹೊಸ ಐಸಿಯು ಕಾಟ್ ಬಾಗಿಲಲ್ಲಿ ಹೋಗಬೇಕಾದರೆ ಎರಡೂ ಬದಿಯ ಸರಳು ಇಳಿಸಬೇಕು. ನಕ್ಷೆಯಲ್ಲಿ ಅದು ಕಾಣುವುದಿಲ್ಲ.

ಘಟ್ಟದಂಚು:

ಅಕ್ಕಾ, ನೀವು ಬರೆದದ್ದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ. ಒಂದು ಕೇಳಲಾ? ಹೊಗೆ ಬಂದರೆ ಆಕ್ಸಿಜನ್ ವಾಲ್ವ್ ಯಾರು ಬಂದ್ ಮಾಡಬೇಕು?

ನೈಟ್_ಸಿಸ್ಟರ್:

ಒಳ್ಳೆ ಪ್ರಶ್ನೆ. ವಾರ್ಡಿನ ಹೊರಗೆ ಗೋಡೆಯಲ್ಲಿ ಪೆಟ್ಟಿಗೆ ಇದೆ, ಮುಂದೆ ಗಾಜು. ನನಗೆ ಯಾರೂ ಲಿಖಿತವಾಗಿ ಹೇಳಿಲ್ಲ. ಬಂದ್ ಮಾಡಿದರೆ ಆಕ್ಸಿಜನ್ ಮೇಲಿರುವವರ ಗತಿ? ಮಾಡದಿದ್ದರೆ ಬೆಂಕಿಗೆ ಉಣಿಸಿದ ಹಾಗೆ.

ಹಳೇಫೈರ್‌ಮನ್:

ಗಾಳಿಯಲ್ಲಿ ಆಕ್ಸಿಜನ್ ಇರುವುದು 21%. ಅದು 23% ದಾಟಿದರೆ ಅಪಾಯದ ಲೆಕ್ಕ ಶುರು. ಹತ್ತಿ ಬೆಡ್‌ಶೀಟ್ ಕೂಡ ಭಗ್ ಅಂತ ಹಿಡಿಯುತ್ತದೆ. ವಾಲ್ವ್ ಮುಚ್ಚುವ ನಿರ್ಧಾರ ಆ ವಾರ್ಡಿನ ಹೊಣೆ ಹೊತ್ತ ಸಿಸ್ಟರ್ ಅಥವಾ ಡಾಕ್ಟರದ್ದು. ಮೊದಲು ಸಣ್ಣ ಸಿಲಿಂಡರಿಗೆ ಬದಲಿಸಬೇಕು, ಆಮೇಲೆ ಮುಚ್ಚಬೇಕು. ಹಾಗಾಗಿ ಒಂದು ವಾಲ್ವಿಗೆ ಎಷ್ಟು ಹಾಸಿಗೆ ಅಂತ ಡಿಸೈನರ್ ಯೋಚಿಸಬೇಕು. ಇಡೀ ಮಹಡಿಗೆ ಒಂದೇ ವಾಲ್ವ್ ಇದ್ದರೆ ಯಾರಿಗೂ ಮುಟ್ಟಲು ಧೈರ್ಯ ಬರುವುದಿಲ್ಲ.

ಕಾಳಿದಂಡೆ:

ಸ್ವಲ್ಪ ದಾರಿ ತಪ್ಪಿ ಮಾತಾಡುತ್ತೇನೆ. ನಮ್ಮ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಎಷ್ಟು ಕೂಗಿದೆವು? ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಬಿದ್ದ ಮೇಲೆ. ಮೊದಲು ಆಸ್ಪತ್ರೆ ಕಟ್ಟಲಿ, ಆಮೇಲೆ ಸ್ಪ್ರಿಂಕ್ಲರ್.

ನಿವೃತ್ತಸೈಟ್:

ನಿನ್ನ ಸಿಟ್ಟು ಸರಿ. ಆದರೆ ಅದು ಈ ಮಾತಿಗೇ ಬಂದು ಸೇರುತ್ತದೆ ನೋಡು. ಬೆಂಗಳೂರಿನಲ್ಲಿ ಒಂದು ಐಸಿಯು ಖಾಲಿ ಮಾಡಬೇಕಾದರೆ ಎರಡು ಕಿಲೋಮೀಟರಿನಲ್ಲಿ ಇನ್ನೊಂದು ಸಿಗುತ್ತದೆ. ನಮ್ಮಲ್ಲಿ? ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. ಶಿರಸಿಯಿಂದ ಹುಬ್ಬಳ್ಳಿಯೇ ನೂರು ಕಿಲೋಮೀಟರ್ ಹತ್ತಿರ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯಿತು (ಅದು ಬೇರೆ ಶಿರೂರು, ನಮ್ಮ ದುರದೃಷ್ಟಕ್ಕೆ ಎರಡೂ ಹೆಸರಾದವು). ಮರುತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಅಂಥ ದಿನ ವಾರ್ಡ್ ಖಾಲಿ ಮಾಡಿ ರೋಗಿಯನ್ನು ಎಲ್ಲಿಗೆ ಒಯ್ಯುತ್ತೀರಿ?

ಹಾಗಾಗಿ ನಮ್ಮ ಕಡೆಯ ಆಸ್ಪತ್ರೆಯಲ್ಲಿ ರೋಗಿಯನ್ನು ಕೆಳಗಿಳಿಸುವುದು ಕೊನೆಯ ದಾರಿ. ಮೊದಲ ದಾರಿ ಅದೇ ಮಹಡಿಯ ಪಕ್ಕದ ಭಾಗಕ್ಕೆ ಹಾಸಿಗೆ ಸಮೇತ ತಳ್ಳುವುದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಓದಿ. ಮಹಡಿಯನ್ನು ಬೆಂಕಿ ತಡೆಯುವ ಗೋಡೆ ಮತ್ತು ತಾನೇ ಮುಚ್ಚಿಕೊಳ್ಳುವ ಬಾಗಿಲಿನಿಂದ ವಿಭಾಗ ಮಾಡಿ, ಅಡ್ಡಡ್ಡ ಸಾಗಿಸುವ ವಿಚಾರ ಅಲ್ಲಿದೆ. ಆ ಬಾಗಿಲನ್ನು ದಿನವಿಡೀ ತೆರೆದಿಡಲು ಆಯಸ್ಕಾಂತದ ಹಿಡಿಕೆ ಹಾಕಿ, ಅಲಾರಂ ಆದಾಗ ತಾನೇ ಬಿಡುತ್ತದೆ. ಹಾಕದಿದ್ದರೆ ನಮ್ಮವರು ಚಿರೇಕಲ್ಲು ಇಡುತ್ತಾರೆ.

ಕಾಳಿದಂಡೆ:

ಒಪ್ಪಿದೆ ಸರ್. ಆದರೂ ಆಸ್ಪತ್ರೆ ಬೇಕೇ ಬೇಕು.

ಉಪ್ಪುಗಾಳಿ:

ಕಾರವಾರದಿಂದ. ಪಂಪ್ ಕೆಲಸ ನಮ್ಮದು. ಬೆಂಗಳೂರಿನ ಡ್ರಾಯಿಂಗ್ ಹಿಡಿದು ಬರುವವರಿಗೆ ಸಮುದ್ರ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ತಗಡಿನ ಹೋಸ್ ಬಾಕ್ಸ್ ಇಲ್ಲಿ ಎರಡು ಮಳೆಗಾಲ ತಡೆಯುವುದಿಲ್ಲ, ಬಾಗಿಲ ಕೀಲು ತುಕ್ಕು ಹಿಡಿದು ಕೈಯಲ್ಲೇ ಬರುತ್ತದೆ. ಫೈಬರ್ ಬಾಕ್ಸ್ ಬರೆಯಿರಿ. ಹಿತ್ತಾಳೆ ನಾಝಲ್ ಕಳವಾಗುತ್ತದೆ, ಅದಕ್ಕೂ ಒಂದು ಉಪಾಯ ಬರೆಯಿರಿ.

ಹೊಗೆ ಡಿಟೆಕ್ಟರ್ ಒಳಗೆ ಜೂನ್ ತಿಂಗಳಲ್ಲಿ ಮಳೆಹುಳು ಹೊಕ್ಕು ಅಲಾರಂ ಹೊಡೆಯುತ್ತದೆ. ಮೂರು ರಾತ್ರಿ ಸುಳ್ಳು ಅಲಾರಂ ಆದರೆ ನಾಲ್ಕನೇ ರಾತ್ರಿ ಯಾರೋ ಸೈರನ್ ವೈರ್ ಕಿತ್ತಿರುತ್ತಾರೆ. ಆಮೇಲೆ ಅದಕ್ಕೆ ಯಾರೂ ವೈರ್ ಕೂಡಿಸುವುದಿಲ್ಲ. ಯಾವ ಡಿಟೆಕ್ಟರ್ ಅಂತ ಪ್ಯಾನಲ್‌ನಲ್ಲಿ ನಂಬರ್ ಬರುವ ವ್ಯವಸ್ಥೆ ಹಾಕಿ, ಆಗ ಅದೊಂದನ್ನು ಬಿಚ್ಚಿ ಒರೆಸಬಹುದು. ವರ್ಷದ ನಿರ್ವಹಣೆ ಗುತ್ತಿಗೆಯನ್ನೂ ಎಸ್ಟಿಮೇಟಿನಲ್ಲೇ ಸೇರಿಸಿ. ಇಲ್ಲದಿದ್ದರೆ ಉದ್ಘಾಟನೆಯ ದಿನವೇ ಕೊನೆ ದಿನ.

ನೀರು. ಏಪ್ರಿಲ್–ಮೇನಲ್ಲಿ ನಮ್ಮ ಬಾವಿಗಳ ಗತಿ ಗೊತ್ತಲ್ಲ. ಬೆಂಕಿಗೆ ಅಂತ ಇಟ್ಟ ನೀರನ್ನು ಶೌಚಾಲಯಕ್ಕೆ ಬಿಟ್ಟಿರುತ್ತಾರೆ. ಹಾಗಾಗಿ ನೀರು ಮೊದಲು ಬೆಂಕಿ ಟ್ಯಾಂಕಿಗೆ ಬೀಳಲಿ, ಅದು ತುಂಬಿ ಹರಿದದ್ದು ಬಳಕೆ ಟ್ಯಾಂಕಿಗೆ ಹೋಗಲಿ. ನೀರೂ ಹಳಸುವುದಿಲ್ಲ, ಯಾರಿಗೂ ಕದಿಯಲೂ ಆಗುವುದಿಲ್ಲ. ಆದರೆ ಟೆರೇಸ್ ಮೇಲೆ 25 ಸಾವಿರ ಲೀಟರ್ ಅಂತ ಸಲೀಸಾಗಿ ಬರೆಯಬೇಡಿ. ಬರೀ ನೀರೇ 25 ಟನ್. ಕೆಳಗಿರುವುದು ಹಳೇ ಕಲ್ಲಿನ ಗೋಡೆ.

ಕೊನೆಗೆ ಒಂದು ಪ್ರಶ್ನೆ. ಘಟ್ಟದಂಚು ಅವರೇ, ನಿಮ್ಮ ಮನೆಯವರದೇ ಯಾರದೋ ಎಕ್ಸ್‌ಟಿಂಗ್ವಿಷರ್ ರೀಫಿಲ್ಲಿಂಗ್ ಅಂಗಡಿ ಇದೆ ಅಂತ ಕೇಳಿದ ನೆನಪು. ಹೌದಾ?

ಘಟ್ಟದಂಚು:

ಹೌದು. ಚಿಕ್ಕಪ್ಪನ ಮಗನದ್ದು. ಮುಚ್ಚಿಟ್ಟಿರಲಿಲ್ಲ, ಹೇಳಬೇಕು ಅಂತ ಹೊಳೆದಿರಲಿಲ್ಲ.

ನಿವೃತ್ತಸೈಟ್:

ಈಗ ಹೊಳೆಯಲಿ. ಡಿಸೈನ್ ಮಾಡಿದವನ ಸಂಬಂಧಿಕ ಆಮೇಲೆ ಸಾಮಾನು ಪೂರೈಸಿದರೆ ಅದು ಹಿತಾಸಕ್ತಿ ಸಂಘರ್ಷ. ಟೆಂಡರಿನಲ್ಲಿ ಆ ಷರತ್ತು ಇದ್ದೇ ಇರುತ್ತದೆ. ತಮ್ಮನನ್ನು ಕೂರಿಸಿ ಮಾತಾಡು, ಆ ಆಸ್ಪತ್ರೆಯ ಪೂರೈಕೆಗೆ ಅವನು ಹಾಕುವುದಿಲ್ಲ ಅಂತ ಬರೆಸಿಕೋ. ದಾಖಲೆಯಲ್ಲೂ ನೀನೇ ಘೋಷಿಸು. ಯಾರೋ ಆಮೇಲೆ ಕಂಡುಹಿಡಿಯುವುದಕ್ಕಿಂತ ಮೇಲು.

ಲೆಕ್ಕದಪುಸ್ತಕ:

ದರ ಬರೆಯುವ ಮುಂಚೆ ಜಿಎಸ್‌ಟಿ ನೋಡಿ. ಸಾಮಾನು ಸೇರದ, ಬರೀ ಸಲಹೆಯ ಸೇವೆಯನ್ನು ರಾಜ್ಯ ಸರ್ಕಾರಕ್ಕೆ ನೇರವಾಗಿ ಕೊಟ್ಟರೆ, ಅದು ಸಂವಿಧಾನ ಪಂಚಾಯತಿಗಳಿಗೆ ವಹಿಸಿದ ವಿಷಯಗಳ ಪಟ್ಟಿಯಲ್ಲಿದ್ದರೆ ವಿನಾಯಿತಿ ಉಂಟು. ಆಸ್ಪತ್ರೆ ಆ ಪಟ್ಟಿಯಲ್ಲಿದೆ. ಆದರೆ ಟೆಂಡರ್ ಕರೆದದ್ದು ಸ್ವಾಯತ್ತ ಸಂಸ್ಥೆಯಾದರೆ 2022ರ ಜನವರಿಯಿಂದ ಆ ವಿನಾಯಿತಿ ಇಲ್ಲ. 18% ಹಿಡಿಯಬೇಕು. ಕರೆದವರು ಯಾರು ಅಂತ ಮೊದಲ ಪುಟದಲ್ಲೇ ಇರುತ್ತದೆ, ಓದಿ.

ಘಟ್ಟದಂಚು:

ಹತ್ತು ದಿನ ಆಯಿತು, ಸುದ್ದಿ ಹೇಳುತ್ತೇನೆ. ಹುಬ್ಬಳ್ಳಿಯವರು ಮುಂದಾಳು, ನಾನು ಜೊತೆಗಾರ. ತಮ್ಮ ಬರೆದುಕೊಟ್ಟ. ಎರಡು ದಿನ ಮಾತು ಬಿಟ್ಟಿದ್ದ, ಮೂರನೇ ದಿನ ಚಾ ಕುಡಿಯಲು ಬಂದ.

ಟೆಂಡರ್ ಹಾಕುವ ಮುಂಚೆ ಸಂಶಯ ಕೇಳಲು ಕರೆಯುವ ಪ್ರೀ-ಬಿಡ್ ಸಭೆಗೆ ಹೋದೆವು. ನಾವು ಕೇಳಿದ್ದು ನಾಲ್ಕು. ಸರ್ವೆಯನ್ನು ಎರಡು ರಾತ್ರಿ ಮಾಡಲು ಅನುಮತಿ. ಕೆಲಸ ನಡೆಯುವಾಗ ಯಾವ ವಾರ್ಡ್ ಯಾವಾಗ ಖಾಲಿ ಅಂತ ಹಂತದ ನಕ್ಷೆ ಕೊಡುವುದೂ ಡಿಸೈನಿನ ಭಾಗವಾಗಲಿ. ಗೋಡೆಯ ತೂತುಗಳ ಪಟ್ಟಿಗೆ ಪ್ರತ್ಯೇಕ ಹಣ. ನಮ್ಮ ಕೊನೆಯ ಕಂತನ್ನು ಗುತ್ತಿಗೆದಾರರ ಕೆಲಸ ಮುಗಿಯುವುದಕ್ಕೆ ಕಟ್ಟಿಹಾಕುವುದು ಬೇಡ, ಅವರು ಮೂರು ವರ್ಷ ಎಳೆದರೆ ನಾವು ಏನು ತಿನ್ನುವುದು?

ಬಂದಿದ್ದ ಒಬ್ಬ ಡಾಕ್ಟರ್ "ಐಸಿಯುಗೆ ಸ್ಪ್ರಿಂಕ್ಲರ್ ಬೇಡವೇ ಬೇಡ, ಎಲ್ಲ ಒಟ್ಟಿಗೆ ಬಿಚ್ಚಿ ಮೆಷಿನ್ ಹಾಳಾಗುತ್ತದೆ" ಅಂದರು. ಸಿನಿಮಾ ನೋಡಿ ಎಲ್ಲರಿಗೂ ಹಾಗೆ ಅನ್ನಿಸಿದೆ. ಆ ಕೆಂಪು ಗಾಜಿನ ಬಲ್ಬ್ 68 ಡಿಗ್ರಿಗೆ ಒಡೆಯುವುದು, ಬಿಸಿ ತಾಗಿದ್ದು ಮಾತ್ರ ಬಿಚ್ಚುತ್ತದೆ ಅಂತ ಹೇಳಿದೆವು. ಪೂರ್ತಿ ನಂಬಲಿಲ್ಲ. ಬೇರೆಯವರು ಯಾರೂ ಬಾಯಿ ತೆರೆಯಲಿಲ್ಲ, ಒಬ್ಬರು ಊಟ ಎಲ್ಲಿ ಅಂತ ಕೇಳಿದರು.

ತಿದ್ದುಪಡಿ ಬಂತು. ರಾತ್ರಿ ಸರ್ವೆ, ಹಂತದ ನಕ್ಷೆ ಎರಡನ್ನೂ ಒಪ್ಪಿದ್ದಾರೆ, ಅದೂ ಎಲ್ಲ ಬಿಡ್ಡರುಗಳಿಗೂ ಕಡ್ಡಾಯ ಅಂತ. ಹಣದ ವಿಷಯ ಎರಡೂ ಇಲ್ಲ.

ಗುತ್ತಿಗೆಕಟ್ಟೆ:

ಹಣದ ವಿಷಯ ಇಲ್ಲ. ನಾನೇನು ಹೇಳಿದ್ದೆ?

ಹುಬ್ಬಳ್ಳಿ_ಡ್ರಾಯಿಂಗ್:

ನೀವು ಹೇಳಿದ್ದು ಬೇರೆ. ಕಡ್ಡಾಯ ಆಗಿದ್ದೇ ದೊಡ್ಡದು. ಈಗ ಆರು ಲಕ್ಷದವರೂ ಎರಡು ರಾತ್ರಿ ಅಲ್ಲಿ ಕಳೆಯಬೇಕು.

ಘಟ್ಟದಂಚು:

ಎಲ್ಲರೂ ಫಲಿತಾಂಶ ಕೇಳುತ್ತಿದ್ದೀರಿ. ನಾಲ್ಕು ಜನ ಹಾಕಿದ್ದರು. ತಾಂತ್ರಿಕದಲ್ಲಿ ನಾವೇ ಮೊದಲು. ದರದಲ್ಲಿ ಮೂರನೆಯವರು. ಒಟ್ಟಿನಲ್ಲಿ ಎರಡನೇ ಜಾಗ, 1.6 ಅಂಕಕ್ಕೆ ಹೋಯಿತು. ಅಂಕಪಟ್ಟಿ ತೆಗೆಸಿ ನೋಡಿದೆವು, ಮೋಸ ಏನೂ ಕಾಣಲಿಲ್ಲ, ಮೇಲ್ಮನವಿ ಹಾಕುವುದಿಲ್ಲ. ಇಎಂಡಿ ವಾಪಸ್ ಬರಬೇಕು. ಅಮ್ಮ "ಅಷ್ಟು ರಾತ್ರಿ ಕೂತು ಬರೆದದ್ದು ಇದಕ್ಕಾ" ಅಂದಳು. ಬೇಜಾರಾಗಿದೆ, ಸುಳ್ಳು ಹೇಳುವುದಿಲ್ಲ.

ನಿವೃತ್ತಸೈಟ್:

ಮೊದಲ ಸಲಕ್ಕೆ ಎರಡನೇ ಜಾಗ! ನಾನು ಕವರ್ ತೆರೆಯುತ್ತಿದ್ದ ಕಾಲದಲ್ಲಾದರೆ ನಿನ್ನ ಹೆಸರು ನೆನಪಿಟ್ಟುಕೊಳ್ಳುತ್ತಿದ್ದೆ.

ನೈಟ್_ಸಿಸ್ಟರ್:

ನಿಮಗೊಂದು ಸುದ್ದಿ. ಇಲ್ಲಿ ಬರೆದದ್ದು ಯಾರು ಓದಿದರೋ ಗೊತ್ತಿಲ್ಲ, ನಮ್ಮ ಹಿಂದಿನ ಬಾಗಿಲ ಬೀಗ ತೆಗೆದಿದ್ದಾರೆ. ಬರೀ ಚಿಲಕ ಇದೆ. ನಿನ್ನೆ ರಾತ್ರಿ ಎರಡು ನಾಯಿ ಒಳಗೆ ಬಂದು ಡ್ರೆಸ್ಸಿಂಗ್ ಟ್ರಾಲಿ ಕೆಳಗೆ ಮಲಗಿದ್ದವು. ಒಳಗಿಂದ ತಳ್ಳಿದರೆ ತೆರೆಯುವ, ಹೊರಗಿಂದ ತೆರೆಯದ ಬಾಗಿಲು ಇರುತ್ತದಂತೆ. ಯಾರಾದರೂ ಹೇಳಿ, ಅದಕ್ಕೆ ಎಷ್ಟಾಗುತ್ತದೆ?

ಘಟ್ಟದಂಚು:

ಪ್ಯಾನಿಕ್ ಬಾರ್ ಅಂತಾರೆ ಅಕ್ಕ. ತಳ್ಳಿದ ಕೂಡಲೇ ಕಿರುಚುವ ಒಂದು ಬಜರ್ ಕೂಡ ಇಡಬಹುದು, ಆಗ ಕೂಸು ಎತ್ತಿಕೊಂಡು ಯಾರೂ ಸದ್ದಿಲ್ಲದೆ ಹೋಗಲಾಗದು. ನಿಮ್ಮದು ಯಾವ ಊರು ಅಂತ ಮೆಸೇಜ್ ಮಾಡಿ. ಶನಿವಾರ ಬಂದು ಅಳತೆ ತೆಗೆದುಕೊಡುತ್ತೇನೆ. ದುಡ್ಡು ಬೇಡ, ತಮ್ಮನ ಅಂಗಡಿಯ ಸಾಮಾನೂ ಅಲ್ಲ.

ನಿವೃತ್ತಸೈಟ್:

ಅಳತೆ ಟೇಪ್ ಹಿಡಿದು ಸುಮ್ನೆ ಒಳಗೆ ಹೋಗಬೇಡ ತಮಾ. ಮೊದಲು ಆಡಳಿತ ವೈದ್ಯಾಧಿಕಾರಿಗೆ ಒಂದು ಪತ್ರ ಕೊಟ್ಟು ಸೀಲ್ ಹಾಕಿಸಿಕೋ.